ಅವನು ಏನು ತಿನ್ನುತ್ತಾನೆ?

ಐದಾರು ವರ್ಷದ ಹುಡುಗ. ಒಂದು ದಿನ ಕುಂಟತೊಡಗುತ್ತಾನೆ. ವಾರ ಕಳೆಯುವಷ್ಟರಲ್ಲಿ ಕಾಲೂರುವುದನ್ನೇ ಬಿಡುತ್ತಾನೆ, ಎತ್ತಿಕೊಂಡರೆ ಚೀರುತ್ತಾನೆ. ಮಾತು ಬಾರದ ಮಗು, ಎಲ್ಲಿ ನೋವು ಎಂದು ತೋರಿಸಲೂ ಅರಿಯದು. ಎಲ್ಲೋ ಬಿದ್ದಿರಬೇಕೆಂದು ಎಕ್ಸ್‌ರೇ ಆಗುತ್ತದೆ. ಕೀಲಿನ ಕಾಯಿಲೆಯಿರಬಹುದೆಂದು ರಕ್ತ ಪರೀಕ್ಷೆ ಆಗುತ್ತದೆ. ಎಂಆರ್‌ಐ ತೆಗೆದಾಗ ಮೂಳೆಮಜ್ಜೆಯಲ್ಲಿ ಏನೋ ವ್ಯತ್ಯಾಸ ಕಾಣುತ್ತದೆ. ರಕ್ತದ ಕ್ಯಾನ್ಸರ್ ಇರಬಹುದೇ ಎಂಬ ಮಾತು ತಂದೆತಾಯಿಯ ಕಿವಿಗೆ ಬೀಳುತ್ತದೆ. ಮಜ್ಜೆಯ ಮಾದರಿ ತೆಗೆದು ನೋಡಿದರೆ ಅದರಲ್ಲಿ ಏನೂ ಇಲ್ಲ. ಕೊನೆಗೆ ಯಾರೋ ಒಬ್ಬರು ಮಗುವಿನ ಬಾಯಿ ಬಿಡಿಸಿ ನೋಡುತ್ತಾರೆ. ಒಸಡು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದೆ, ಬೆರಳು ತಾಕಿದರೆ ರಕ್ತ. ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಆಗ ಬರುತ್ತದೆ: ‘ಇವನು ಏನು ತಿಂತಾನಮ್ಮ?’

ಉತ್ತರ ಚಿಕ್ಕದು. ಎರಡು ವರ್ಷದಿಂದ ಒಂದೇ ಬಗೆಯ ಬಿಸ್ಕತ್ತು, ಬ್ರೆಡ್ಡು, ಹಾಲು. ಹಣ್ಣಿಲ್ಲ, ತರಕಾರಿಯಿಲ್ಲ, ಹುಳಿ ಇಲ್ಲ. ಮಗುವಿಗಿರುವುದು ಸ್ಕರ್ವಿ, ಅಂದರೆ ‘ಸಿ’ ವಿಟಮಿನ್ನಿನ ಕೊರತೆ.

ಇದು ಯಾವುದೋ ಒಂದು ಮಗುವಿನ ಕಥೆಯಲ್ಲ. ಕಳೆದ ಎರಡು ದಶಕಗಳಲ್ಲಿ ಬೇರೆ ಬೇರೆ ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಮತ್ತೆ ಮತ್ತೆ ವರದಿಯಾಗಿರುವ ಪ್ರಕರಣ. ಮಗುವಿಗೆ ಆಟಿಸಂ ಇರುತ್ತದೆ. ನಡೆಯದಿರುವುದೂ, ಚೀರುವುದೂ ‘ಆಟಿಸಂನ ವರ್ತನೆ’ ಎಂದು ಕೆಲವು ವಾರ ಕಳೆದುಹೋಗಿರುತ್ತವೆ. ‘ಸಿ’ ವಿಟಮಿನ್ ಕೊಡಲು ಶುರುಮಾಡಿದ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ, ಕೆಲವು ವಾರಗಳಲ್ಲಿ ಮಗು ಎದ್ದು ನಡೆಯುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ನಾವಿಕರನ್ನು ಎರಡೆರಡರಂತೆ ಜೋಡಿ ಮಾಡಿ, ಒಂದು ಜೋಡಿಗೆ ಕಿತ್ತಳೆ ಮತ್ತು ನಿಂಬೆಹಣ್ಣು ಕೊಟ್ಟು ಗುಣವಾದದ್ದನ್ನು ತೋರಿಸಿದ ಕಾಯಿಲೆ ಇದು. ದಿನಕ್ಕೆ ಸುಮಾರು 10 ಮಿಲಿಗ್ರಾಂ ‘ಸಿ’ ವಿಟಮಿನ್ ಹೊಟ್ಟೆಗೆ ಬಿದ್ದರೆ ಸ್ಕರ್ವಿ ಬರುವುದಿಲ್ಲ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಅದರ ಇಪ್ಪತ್ತು ಪಟ್ಟು ಇರುತ್ತದೆ.

ಆಟಿಸಂ ಮತ್ತು ವಿಟಮಿನ್ ಎಂದ ಕೂಡಲೇ ಮಾತು ಇನ್ನೊಂದು ಕಡೆಗೇ ಓಡುತ್ತದೆ: ಯಾವ ಮಾತ್ರೆ ಕೊಟ್ಟರೆ ಮಗು ಮಾತಾಡೀತು, ಯಾವ ಡ್ರಾಪ್ಸ್ ಹಾಕಿದರೆ ಕಣ್ಣಿಟ್ಟು ನೋಡೀತು. ಮನೆಮನೆಯ ಫೋನಿಗೆ ಬರುವ ವಿಡಿಯೊಗಳು ಹೇಳುವುದೂ ಅದನ್ನೇ. ಆದರೆ ಈ ವಿಷಯದಲ್ಲಿ ಅರವತ್ತು ವರ್ಷ ನಡೆದಿರುವ ಸಂಶೋಧನೆಯನ್ನು ತಾಳ್ಮೆಯಿಂದ ಓದಿದವರಿಗೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ಆಟಿಸಂ ಇರುವ ಮಗುವಿಗೆ ಮೊದಲು ಬೇಕಾಗಿರುವುದು ಬಾಟಲಿಯಲ್ಲ, ಅದರ ತಟ್ಟೆಯನ್ನು ಬಗ್ಗಿ ನೋಡುವ ಒಬ್ಬ ಮನುಷ್ಯ.

ಈ ಮಕ್ಕಳ ಊಟದ ಕಷ್ಟ ಹೊಸದಾಗಿ ಕಂಡುಕೊಂಡದ್ದೇನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವಿವರಿಸಿ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಹೆಸರು ಕೊಟ್ಟ ಲೇಖನದಲ್ಲೇ, ಆ ಮಕ್ಕಳಲ್ಲಿ ಹಲವರಿಗೆ ಹುಟ್ಟಿದಂದಿನಿಂದ ಹಾಲೂಡಿಸುವುದೂ ಉಣಿಸುವುದೂ ಕಷ್ಟವಾಗಿತ್ತು ಎಂದು ಬರೆದಿದ್ದರು. ಎಪ್ಪತ್ತು ವರ್ಷಗಳ ನಂತರ, 2013ರಲ್ಲಿ, ಅಟ್ಲಾಂಟಾದ ವಿಲಿಯಂ ಶಾರ್ಪ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರು. ಆಟಿಸಂ ಇರುವ ಮಕ್ಕಳಲ್ಲಿ ಊಟದ ತೊಂದರೆ ಉಳಿದ ಮಕ್ಕಳಿಗಿಂತ ಐದು ಪಟ್ಟು ಹೆಚ್ಚು. ಅವರ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಕಡಿಮೆ. ಗಮನಿಸಬೇಕಾದ ಮಾತೆಂದರೆ, ಎತ್ತರ ಮತ್ತು ತೂಕದಲ್ಲಿ ಅವರು ಉಳಿದ ಮಕ್ಕಳಿಗಿಂತ ಹಿಂದೆ ಇರಲಿಲ್ಲ. ಬಿಸ್ಕತ್ತು, ಅನ್ನ, ಹಾಲು ತಿಂದ ಮಗುವಿನ ತೂಕ ಸರಿಯಾಗಿಯೇ ಇರುತ್ತದೆ. ಅಂಗನವಾಡಿಯ ತಕ್ಕಡಿಯಲ್ಲಿ, ಮಕ್ಕಳ ವೈದ್ಯರ ಬೆಳವಣಿಗೆಯ ನಕ್ಷೆಯಲ್ಲಿ ಅದು ‘ಚೆನ್ನಾಗಿದೆ’ ಎಂದೇ ದಾಖಲಾಗುತ್ತದೆ. ಕೊರತೆ ಒಳಗೇ ಬೆಳೆಯುತ್ತಿರುತ್ತದೆ.

ಯಾಕೆ ತಿನ್ನುವುದಿಲ್ಲ ಎನ್ನುವುದನ್ನು ಅರಿಯಬೇಕಾದರೆ ಒಂದು ಬಟ್ಟಲು ಮೊಸರನ್ನ ಸಾಕು. ಅನ್ನ ಬೆಣ್ಣೆಯ ಹಾಗೆ ಕಿವುಚಿದೆ, ಮೊಸರು ಹುಳಿಯಾಗಿಲ್ಲ, ಎಲ್ಲವೂ ಒಂದೇ ಬಿಳಿ, ಒಂದೇ ಮೆತ್ತಗೆ. ಮಗು ತುತ್ತು ತುತ್ತಾಗಿ ತಿನ್ನುತ್ತಿದೆ. ಅಜ್ಜಿ ರುಚಿಗೆಂದು ಒಗ್ಗರಣೆ ಹಾಕಿದ್ದಾರೆ. ಐದನೇ ತುತ್ತಿನಲ್ಲಿ ಒಂದು ಸಾಸಿವೆ ಕಾಳು ನಾಲಿಗೆಗೆ ಸಿಗುತ್ತದೆ. ನಮ್ಮ ನಾಲಿಗೆ ಅದನ್ನು ಗಮನಿಸುವುದೂ ಇಲ್ಲ, ಆ ಮಗುವಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ. ಉಗುಳುತ್ತದೆ, ಬಟ್ಟಲು ತಳ್ಳುತ್ತದೆ. ಮಾರನೆಯ ದಿನದಿಂದ ಒಗ್ಗರಣೆಯಿಲ್ಲದ ಮೊಸರನ್ನವನ್ನೂ ಮುಟ್ಟುವುದಿಲ್ಲ. ಇದ್ದ ಐದು ಆಹಾರಗಳಲ್ಲಿ ಒಂದು ಹೋಯಿತು, ನಾಲ್ಕು ಉಳಿಯಿತು. ‘ಎರಡು ದಿನ ಹಸಿದಿರಲಿ, ತಾನಾಗೇ ತಿಂತಾನೆ’ ಎನ್ನುವ ಹಿರಿಯರ ಬುದ್ಧಿಮಾತು ಬಹಳ ಮಕ್ಕಳ ವಿಷಯದಲ್ಲಿ ನಿಜ, ಈ ಮಕ್ಕಳಲ್ಲಿ ಎಷ್ಟೋ ಜನರ ವಿಷಯದಲ್ಲಿ ಅಲ್ಲ. ಇವರು ಹಸಿದೇ ಇರುತ್ತಾರೆ. ಇದು ಹಟವೂ ಅಲ್ಲ, ತಾಯಿ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ವಾಸನೆ, ಬಣ್ಣ, ನಾಲಿಗೆಯ ಮೇಲಿನ ಸ್ಪರ್ಶ ಅವರಿಗೆ ಬೇರೆಯದೇ ತೀವ್ರತೆಯಲ್ಲಿ ತಟ್ಟುತ್ತದೆ. ಮದುವೆಮನೆಯಲ್ಲಿ ನಾಲ್ಕು ಜನರೆದುರು ‘ಇನ್ನೂ ಬಿಸ್ಕತ್ತೇ ಕೊಡ್ತೀಯಾ’ ಎಂದು ಕೇಳುವವರು ಇಷ್ಟು ತಿಳಿದುಕೊಂಡರೆ ಆ ತಾಯಿಯ ಅರ್ಧ ಭಾರ ಇಳಿಯುತ್ತದೆ.

ಹಾಗಾದರೆ ಊಟದಲ್ಲಿ ಇಲ್ಲದ್ದನ್ನು ಬಾಟಲಿಯಲ್ಲಿ ಕೊಟ್ಟರಾಯಿತಲ್ಲ? ಅಮೆರಿಕದ ಪೋಷಕರು ಮಾಡಿದ್ದೂ ಇದನ್ನೇ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ 368 ಮಕ್ಕಳ ಊಟವನ್ನೂ ಸಪ್ಲಿಮೆಂಟುಗಳನ್ನೂ ಬರೆಸಿಕೊಂಡು ಪರಿಶೀಲಿಸಿತು. ಅರ್ಧಕ್ಕಿಂತ ಹೆಚ್ಚು, ಶೇ 56 ಮಕ್ಕಳು ಯಾವುದಾದರೊಂದು ಸಪ್ಲಿಮೆಂಟ್ ತೆಗೆದುಕೊಳ್ಳುತ್ತಿದ್ದರು. ಹಾಗಿದ್ದೂ ಅನೇಕರಿಗೆ ‘ಡಿ’ ವಿಟಮಿನ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಸಾಲುತ್ತಿರಲಿಲ್ಲ. ಅದೇ ಹೊತ್ತಿಗೆ ‘ಎ’ ವಿಟಮಿನ್, ಫೋಲಿಕ್ ಆಸಿಡ್, ಸತು ಮಿತಿಮೀರಿ ಸೇರುತ್ತಿತ್ತು. ಕೊರತೆಯಿದ್ದದ್ದು ಒಂದು, ಕೊಟ್ಟದ್ದು ಇನ್ನೊಂದು. ಪೋಷಕರಿಗೆ ಕಾಳಜಿಯಿರಲಿಲ್ಲ ಎನ್ನಲು ಬಾರದು. ಮಗುವಿನ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಕುಳಿತು ಲೆಕ್ಕ ಹಾಕಿಕೊಡುವವರು ಅವರಿಗೆ ಸಿಕ್ಕಿರಲಿಲ್ಲ.

ಬಾಟಲಿಯ ಕಥೆ ಶುರುವಾದದ್ದು ಒಬ್ಬ ತಂದೆಯಿಂದ. ಬರ್ನಾರ್ಡ್ ರಿಮ್ಲಂಡ್ ಅಮೆರಿಕದ ಮನಶ್ಶಾಸ್ತ್ರಜ್ಞ, ಆಟಿಸಂ ಇರುವ ಮಗನ ಅಪ್ಪ. ತಾಯಿಯ ಪ್ರೀತಿ ಸಾಲದೆ ಮಗುವಿಗೆ ಹೀಗಾಗುತ್ತದೆ ಎಂಬ ಕ್ರೂರ ನಂಬಿಕೆ ವೈದ್ಯರಲ್ಲೇ ಬೇರೂರಿದ್ದ ಕಾಲದಲ್ಲಿ, 1964ರಲ್ಲಿ ಪುಸ್ತಕ ಬರೆದು ಅದನ್ನು ಅಲುಗಿಸಿದವರು. ಆ ಒಂದು ಕೆಲಸಕ್ಕೆ ಜಗತ್ತಿನ ತಾಯಂದಿರು ಅವರಿಗೆ ಋಣಿಯಾಗಿರಬೇಕು. ಅವರೇ ಮುಂದೆ ಹೆಚ್ಚಿನ ಪ್ರಮಾಣದ ಬಿ6 ವಿಟಮಿನ್ ಕೊಟ್ಟರೆ ಮಕ್ಕಳು ಸುಧಾರಿಸುತ್ತಾರೆ ಎಂದು ನಂಬಿದರು. 1978ರಲ್ಲಿ ಹದಿನಾರು ಮಕ್ಕಳ ಮೇಲೆ ಅಧ್ಯಯನ ಪ್ರಕಟಿಸಿದರು. ಬಿ6 ಜೊತೆಗೆ ಮೆಗ್ನೀಸಿಯಂ ಸೇರಿ ಅದು ಲೋಕವೆಲ್ಲ ಹರಡಿತು. 2005ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶಕರು ಒಪ್ಪಬಹುದಾದ ಪ್ರಯೋಗಗಳನ್ನು ಹುಡುಕಿದಾಗ ಸಿಕ್ಕಿದ್ದು ಮೂರೇ ಮೂರು, ಅವುಗಳಲ್ಲಿ ಭಾಗವಹಿಸಿದವರು ಒಟ್ಟು 33 ಮಂದಿ. ಇದರ ಮೇಲೆ ಯಾವ ಶಿಫಾರಸನ್ನೂ ಮಾಡಲಾಗದು ಎಂದು ಅವರು ಬರೆದರು. ಮೂವತ್ತು ವರ್ಷ ಲಕ್ಷಾಂತರ ಮಾತ್ರೆ ನುಂಗಿಸಿದ್ದರ ಹಿಂದಿದ್ದ ಆಧಾರ ಇಷ್ಟು ತೆಳುವಾಗಿತ್ತು.

ನೀರಿನಲ್ಲಿ ಕರಗುವ ವಿಟಮಿನ್ ತಾನೆ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಬಿ6 ವಿಷಯದಲ್ಲಿ ಅದು ತಪ್ಪು ಎಂದು 1983ರಲ್ಲೇ ಗೊತ್ತಾಗಿತ್ತು. ಅತಿಯಾದ ಪ್ರಮಾಣದಲ್ಲಿ ಬಿ6 ತೆಗೆದುಕೊಂಡ ಏಳು ಮಂದಿಯ ನರಗಳು ಹಾಳಾಗಿ, ಕೈಕಾಲು ಜೋಮು ಹಿಡಿದು, ನಡಿಗೆ ತಪ್ಪಿದ್ದನ್ನು ಅಮೆರಿಕದ ವೈದ್ಯರು ವರದಿ ಮಾಡಿದರು. ಎ, ಡಿ ವಿಟಮಿನ್‌ಗಳಂತೂ ಮೈಯೊಳಗೆ ಉಳಿದೇ ಬಿಡುತ್ತವೆ. 2016ರಲ್ಲಿ ಲಂಡನ್ನಿನ ವೈದ್ಯರು ಬರೆದ ಪ್ರಕರಣವೊಂದಿದೆ. ಆಟಿಸಂ ಇರುವ ನಾಲ್ಕು ವರ್ಷದ ಹುಡುಗ ಮೂರು ವಾರದಲ್ಲಿ ಮೂರು ಕಿಲೋ ಇಳಿದಿದ್ದಾನೆ. ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಿದೆ. ಕಾರಣ ತಿಳಿಯದೆ ವೈದ್ಯರು ಕೆಲವು ದಿನ ತಡಕಾಡಿದ ಮೇಲೆ ತಾಯಿ ಹೇಳಿದರು: ಒಬ್ಬ ಪ್ರಕೃತಿ ಚಿಕಿತ್ಸಕರು ಬರೆದುಕೊಟ್ಟ ಸಪ್ಲಿಮೆಂಟುಗಳನ್ನು ತಿಂಗಳುಗಟ್ಟಲೆ ಕೊಡುತ್ತಿದ್ದೇವೆ, ಹನ್ನೆರಡು ಬಗೆಯವು. ‘ಡಿ’ ವಿಟಮಿನ್ ಅವುಗಳಲ್ಲೊಂದು. ಹುಡುಗ ಚೇತರಿಸಿಕೊಂಡ. ಅಷ್ಟು ದಿನ ತಾಯಿ ಯಾಕೆ ಹೇಳಲಿಲ್ಲ ಎಂದು ಅವಳನ್ನು ದೂರುವುದು ಸುಲಭ. ಯಾರೂ ಕೇಳಿರಲಿಲ್ಲ, ಅವಳಿಗೆ ಅದು ಔಷಧ ಅನ್ನಿಸಿರಲಿಲ್ಲ.

ನಮ್ಮಲ್ಲಿ ಇದೇ ಅಪಾಯ ಇನ್ನೊಂದು ರೂಪದಲ್ಲಿ ಪ್ರತಿ ಮೆಡಿಕಲ್ ಶಾಪಿನಲ್ಲೂ ಇದೆ. ‘ಡಿ’ ವಿಟಮಿನ್ನಿನ 60,000 ಯೂನಿಟ್ ಪುಡಿ ಅಥವಾ ಕ್ಯಾಪ್ಸೂಲು ವಾರಕ್ಕೊಂದರಂತೆ, ಅದೂ ಕೆಲವೇ ವಾರ ತೆಗೆದುಕೊಳ್ಳಬೇಕಾದದ್ದು. ಮಗುವಿನ ದಿನದ ಅಗತ್ಯ 600 ಯೂನಿಟ್. ಚೀಟಿ ಕಳೆದು, ಅಂಗಡಿಯವರು ಬಾಯಲ್ಲಿ ಹೇಳಿದ್ದು ಮರೆತು, ವಾರದ್ದನ್ನು ದಿನವೂ ಕೊಟ್ಟರೆ ಒಂದು ದಿನಕ್ಕೆ ನೂರು ದಿನದ್ದು ಒಳಗೆ ಹೋದಂತೆ.

ಪ್ರಯೋಗಗಳು ಪೂರಾ ಬರಿಗೈಯಲ್ಲಿ ಮರಳಿದವು ಎಂದೂ ಅಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಆಡಮ್ಸ್ ತಂಡ ಆಟಿಸಂ ಇರುವ 55 ಮಕ್ಕಳ ರಕ್ತವನ್ನು ಇಲ್ಲದ 44 ಮಕ್ಕಳ ರಕ್ತದೊಂದಿಗೆ ಹೋಲಿಸಿ 2011ರಲ್ಲಿ ಪ್ರಕಟಿಸಿತು. ಗ್ಲುಟಥಯೋನ್, ಸಲ್ಫೇಟ್, ಬಯೋಟಿನ್ ಮುಂತಾದವುಗಳಲ್ಲಿ ಗುಂಪಿನ ಸರಾಸರಿ ವ್ಯತ್ಯಾಸ ಕಂಡಿತು. ವಿಟಮಿನ್‌ಗಳ ಮಟ್ಟ ಬಹುತೇಕ ಸಾಮಾನ್ಯ ಮಿತಿಯ ಒಳಗೇ ಇತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 141 ಮಂದಿಗೆ ಮೂರು ತಿಂಗಳು ವಿಟಮಿನ್-ಖನಿಜಗಳ ಮಿಶ್ರಣ ಅಥವಾ ಅದರಂತೆಯೇ ಕಾಣುವ ಹುಸಿಮದ್ದು ಕೊಟ್ಟು ನೋಡಿದರು. ಪೋಷಕರೇ ತುಂಬಿದ ಪ್ರಶ್ನಾವಳಿಯಲ್ಲಿ ಮಿಶ್ರಣ ತೆಗೆದುಕೊಂಡವರಿಗೆ ಸ್ವಲ್ಪ ಹೆಚ್ಚು ಸುಧಾರಣೆ ಕಂಡಿತು. ಇದನ್ನು ಬದಿಗೆ ಸರಿಸಬೇಕಾಗಿಲ್ಲ. ಆದರೆ ಇದನ್ನೇ ಹಿಡಿದು ‘ವಿಟಮಿನ್‌ನಿಂದ ಆಟಿಸಂ ವಾಸಿ’ ಎಂದು ಬೋರ್ಡು ಬರೆಯುವುದು ತಪ್ಪು. ಬರೀ ಬಿಸ್ಕತ್ತು ತಿನ್ನುವ ಮಗುವಿಗೆ ಸಮತೋಲನದ ಒಂದು ಮಲ್ಟಿವಿಟಮಿನ್ ಸಿಕ್ಕರೆ ಅದು ತುಸು ಗೆಲುವಾಗುವುದು ಸಹಜ. ಅದು ಯಾವ ಮಗುವಿಗಾದರೂ ಆಗುವ ಮಾತು.

ಪೋಷಕರ ಕಣ್ಣು ಎಷ್ಟು ಆಸೆಯಿಂದ ನೋಡುತ್ತದೆ ಎಂಬುದಕ್ಕೆ 1999ರ ಒಂದು ಪ್ರಯೋಗ ಸಾಕ್ಷಿ. ಆಗ ಹೆಸರು ಕೇಳಿಬರುತ್ತಿದ್ದದ್ದು ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನು. 60 ಮಕ್ಕಳಲ್ಲಿ ಅರ್ಧ ಜನಕ್ಕೆ ಸೆಕ್ರೆಟಿನ್, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಎರಡೂ ಗುಂಪು ಸುಧಾರಿಸಿತು, ಒಂದಕ್ಕೊಂದು ವ್ಯತ್ಯಾಸವಿರಲಿಲ್ಲ. ಈ ಫಲಿತಾಂಶವನ್ನು ತಿಳಿಸಿದ ಮೇಲೂ ಶೇ 69 ಪೋಷಕರು ಸೆಕ್ರೆಟಿನ್ ಕೊಡಿಸಲು ಇನ್ನೂ ಆಸಕ್ತಿಯಿದೆ ಎಂದರು. ಇವರು ಮೂಢರಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ನಗುವ ಮಗುವಿನ ಪಕ್ಕದಲ್ಲಿ ಕೂತು ಬೆಳಗು ಮಾಡಿದವರು. ಆ ಆಸೆಯನ್ನು ಮಾರುಕಟ್ಟೆಯ ಸರಕಾಗಿ ಮಾಡಿಕೊಂಡವರ ಮೇಲೆ ಸಿಟ್ಟು ಬರಬೇಕು.

ಈಗಿನ ಸುದ್ದಿ ಫೋಲಿನಿಕ್ ಆಸಿಡ್. ಇದರ ಬೇರು ಹುಡುಕಿದರೆ ನಮ್ಮ ಮಗ್ಗುಲಿನ ಮುಂಬೈಗೇ ಬಂದು ನಿಲ್ಲುತ್ತೇವೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರಿಗೆ ಬರುತ್ತಿದ್ದ ಮಾರಕ ರಕ್ತಹೀನತೆಯ ಕಾರಣ ಹುಡುಕಲು ಬಂದರು. ಅವರು ನೋಡಿದ್ದೂ ಮೊದಲು ಆ ಹೆಂಗಸರ ಊಟವನ್ನೇ. ಬ್ರೆಡ್ಡಿಗೆ ಹಚ್ಚುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ, ಹೆಸರಿಲ್ಲದ ಆ ವಸ್ತುವೇ ಹತ್ತು ವರ್ಷದ ನಂತರ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟು ಫೋಲಿಕ್ ಆಸಿಡ್ ಎನ್ನಿಸಿಕೊಂಡಿತು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಹಿಂದಿದ್ದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಸಿಡ್‌ಗೆ ಅಡ್ಡಿಮಾಡುವ ರಾಸಾಯನಿಕಗಳೂ ಅದೇ ಪ್ರಯೋಗಾಲಯದಿಂದ ಬಂದು ರಕ್ತದ ಕ್ಯಾನ್ಸರಿನ ಮದ್ದಾದವು. ಆ ಮದ್ದಿನ ಹೊಡೆತದಿಂದ ರೋಗಿಯನ್ನು ಕಾಪಾಡಲು ಬಳಸುವ ಪ್ರತಿಮದ್ದು ಫೋಲಿನಿಕ್ ಆಸಿಡ್, ಅಂದರೆ ಲ್ಯೂಕೊವೊರಿನ್.

ಬಸುರಿಗೆ ಫೋಲಿಕ್ ಆಸಿಡ್ ಬೇಕೇ ಬೇಕು ಎಂಬುದರಲ್ಲಿ ಅನುಮಾನವೇ ಉಳಿದಿಲ್ಲ. ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗ, ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟುವ ದೋಷ ಮರುಕಳಿಸುವುದನ್ನು ಅದು ಶೇ 72ರಷ್ಟು ತಡೆಯುತ್ತದೆಂದು ತೋರಿಸಿತು. ನಾರ್ವೆಯಲ್ಲಿ 85,176 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಗರ್ಭ ನಿಲ್ಲುವ ಮುಂಚೆ ಮತ್ತು ಮೊದಲ ವಾರಗಳಲ್ಲಿ ಫೋಲಿಕ್ ಆಸಿಡ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ತೀವ್ರ ಬಗೆಯ ಆಟಿಸಂ ಶೇ 0.10, ತೆಗೆದುಕೊಳ್ಳದವರಲ್ಲಿ ಶೇ 0.21. ಇದು ಪ್ರಯೋಗವಲ್ಲ, ಗಮನಿಸಿ ಬರೆದ ಲೆಕ್ಕ. ಮಾತ್ರೆ ತೆಗೆದುಕೊಳ್ಳುವವರು ಬೇರೆ ರೀತಿಯಲ್ಲೂ ಆರೋಗ್ಯದ ಬಗ್ಗೆ ಹೆಚ್ಚು ನಿಗಾ ಇಟ್ಟವರಿರಬಹುದು. ಆಟಿಸಂ ಇರುವ ಮಗುವಿನ ಯಾವ ತಾಯಿಯೂ ಈ ಅಂಕಿ ನೋಡಿ ‘ನನ್ನಿಂದಲೇ ಆಯಿತೇನೋ’ ಎಂದುಕೊಳ್ಳಬಾರದು. ಎರಡೂ ಕಡೆ ಸಾವಿರಕ್ಕೆ ಒಂದು, ಎರಡು ಎನ್ನುವಷ್ಟು ಸಣ್ಣ ಪ್ರಮಾಣಗಳಿವು.

ಹುಟ್ಟಿದ ಮೇಲಿನ ಮಾತು ಬೇರೆ. ಕೆಲವು ಮಕ್ಕಳಲ್ಲಿ ರಕ್ತದಲ್ಲಿ ಫೋಲೇಟ್ ಸಾಕಷ್ಟಿದ್ದರೂ ಮಿದುಳಿಗೆ ದಾಟುವುದಿಲ್ಲ. ಇದು ಅಪರೂಪದ ತೊಂದರೆ. ಅಂಥವರಿಗೆ ಫೋಲಿನಿಕ್ ಆಸಿಡ್ ಬೇರೆ ದಾರಿಯಿಂದ ಒಳಹೋಗಿ ನೆರವಾಗುತ್ತದೆ. ಆಟಿಸಂ ಇರುವ 48 ಮಕ್ಕಳ ಮೇಲೆ ರಿಚರ್ಡ್ ಫ್ರೈ ತಂಡ ನಡೆಸಿದ ಹನ್ನೆರಡು ವಾರಗಳ ಪ್ರಯೋಗದಲ್ಲಿ ಮಾತಿನಲ್ಲಿ ಸುಧಾರಣೆ ಕಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರೇ ಮಾಧ್ಯಮದ ಮುಂದೆ ಇದರ ಬಗ್ಗೆ ಮಾತನಾಡಿದರು. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಮಾತ್ರ, ಆಟಿಸಂ ಇರುವ ಎಲ್ಲ ಮಕ್ಕಳಿಗೂ ಇದನ್ನು ವಾಡಿಕೆಯಂತೆ ಕೊಡಿ ಎನ್ನಲಿಲ್ಲ. 48 ಮಕ್ಕಳ ಮೇಲೆ ಕಟ್ಟಿದ ಆಸೆ ಒಂದೇ ಸಂಜೆಯಲ್ಲಿ ಜಗತ್ತಿನ ಮೂಲೆಮೂಲೆಯ ಮನೆಗಳನ್ನು ಮುಟ್ಟಿತು. ಸಣ್ಣ ಪ್ರಯೋಗ ಒಳ್ಳೆಯ ಸುಳಿವು ಕೊಡಬಲ್ಲದು, ದೊಡ್ಡ ಪ್ರಯೋಗದಲ್ಲಿ ಅದು ನಿಲ್ಲಬೇಕು. ‘ಡಿ’ ವಿಟಮಿನ್ನಿನಿಂದ ಆಟಿಸಂ ಲಕ್ಷಣಗಳು ಇಳಿದವೆಂದು 2016ರಲ್ಲಿ ದೊಡ್ಡ ಹೆಸರು ಮಾಡಿದ್ದ ಈಜಿಪ್ಟಿನ ಪ್ರಯೋಗವೊಂದನ್ನು ಪ್ರಕಟಿಸಿದ ಪತ್ರಿಕೆಯೇ 2019ರಲ್ಲಿ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟು ಮಕ್ಕಳ ಬಾಯಿಗೆ ಹನಿ ಬಿದ್ದಿತ್ತೋ.

ಇಷ್ಟೆಲ್ಲ ಹೇಳಿದ ಮೇಲೆ ‘ವಿಟಮಿನ್‌ಗೂ ಮಿದುಳಿಗೂ ಸಂಬಂಧವಿಲ್ಲ ಬಿಡಿ’ ಎಂದು ಯಾರಾದರೂ ಕೈತೊಳೆದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಇಸ್ರೇಲಿನಲ್ಲಿ 2003ರಲ್ಲಿ ಒಂದು ಸೋಯಾ ಹಾಲಿನಪುಡಿಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದದ್ದು ಗೊತ್ತಾಯಿತು. ಕೆಲವು ಶಿಶುಗಳು ಸತ್ತವು. ಆ ಪುಡಿ ಕುಡಿದೂ ಹೊರನೋಟಕ್ಕೆ ಆರೋಗ್ಯವಾಗಿಯೇ ಉಳಿದ ಮಕ್ಕಳನ್ನು ಐದಾರು ವರ್ಷದವರಾದಾಗ ಪರೀಕ್ಷಿಸಿದರು. 59 ಮಕ್ಕಳಲ್ಲಿ 57 ಮಂದಿಗೆ ವಾಕ್ಯ ಕಟ್ಟುವುದರಲ್ಲೋ ಪದ ನೆನಪಿಸಿಕೊಳ್ಳುವುದರಲ್ಲೋ ತೊಂದರೆಯಿತ್ತು. ಶೈಶವದ ಒಂದು ವಿಟಮಿನ್ನಿನ ಕೊರತೆ ಮಾತಿನ ಮೇಲೆ ಇಷ್ಟು ಗುರುತು ಬಿಟ್ಟಿತ್ತು.

ಬಿ1 ನಮಗೆ ದೂರದ ಕಥೆಯಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು, ಉಸಿರು ಕಟ್ಟಿ ಹೃದಯದ ಬಲಭಾಗ ಸೋತು ಬರುತ್ತಿದ್ದ ಎಳೆ ಕೂಸುಗಳನ್ನು ಗಮನಿಸಿ ಬರೆದಿದ್ದಾರೆ. ಎದೆಹಾಲನ್ನೇ ಕುಡಿಯುವ ಕೂಸುಗಳು, ತಾಯಿಯರು ಬಾಣಂತಿ ಪಥ್ಯದಲ್ಲಿರುವವರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಅದಕ್ಕೊಂದಿಷ್ಟು ಸಾರು; ಬೇಳೆ ವಾಯು, ಸೊಪ್ಪು ಶೀತ, ತರಕಾರಿ ನಂಜು. ತಾಯಿಯ ಹಾಲಿನಲ್ಲಿ ಬಿ1 ಸಾಲದು. ಥಯಾಮಿನ್ ಚುಚ್ಚುಮದ್ದು ಕೊಟ್ಟ ಗಂಟೆಗಳಲ್ಲಿ ಕೂಸು ತಿರುಗಿಕೊಳ್ಳುತ್ತದೆ. ಬಾಣಂತನದಲ್ಲಿ ಎಣ್ಣೆನೀರು, ವಿಶ್ರಾಂತಿ, ಆರೈಕೆ ನೀಡುವ ನಮ್ಮ ಅಜ್ಜಿಯರ ಕೈ ದೊಡ್ಡದು. ಆ ತಟ್ಟೆಯಿಂದ ಬೇಳೆಯನ್ನೂ ಸೊಪ್ಪನ್ನೂ ತೆಗೆದಿಡುವುದೊಂದು ನಿಲ್ಲಬೇಕು.

ಬಿ12ರ ಕಥೆಯೂ ಹೀಗೆಯೇ. ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದ ಒಳಗಿನ ಮಗು, ನಗುತ್ತಿದ್ದದ್ದು ನಗುವುದಿಲ್ಲ, ಕರೆದರೆ ನೋಡುವುದಿಲ್ಲ, ಕೂರುತ್ತಿದ್ದದ್ದು ಕೂರಲಾರದು. ಕೂದಲು ಕೆಂಚಾಗಿ ವಿರಳವಾಗಿದೆ, ಬೆರಳ ಗೆಣ್ಣುಗಳು ಕಪ್ಪಾಗಿವೆ, ಕೆಲವರಲ್ಲಿ ಮೈ ನಡುಗುತ್ತದೆ. ಭಾರತದ ಮಕ್ಕಳ ವೈದ್ಯರು 1950ರ ದಶಕದಿಂದ ಇನ್‌ಫೆಂಟೈಲ್ ಟ್ರೆಮರ್ ಸಿಂಡ್ರೋಮ್ ಎಂದು ಕರೆಯುತ್ತಿರುವ ಸ್ಥಿತಿ. ಹೆಚ್ಚಾಗಿ, ಮಾಂಸ ಮೊಟ್ಟೆ ತಿನ್ನದ, ಹಾಲುಮೊಸರೂ ಸಾಕಷ್ಟು ಸಿಗದ ತಾಯಿಯ ಹಾಲನ್ನಷ್ಟೇ ಕುಡಿದ ಮಕ್ಕಳಲ್ಲಿ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ‘ಮಗು ತನ್ನ ಲೋಕದಲ್ಲೇ ಇದೆ’ ಅನ್ನಿಸಬಹುದು. ಬಿ12 ಕೊಟ್ಟರೆ ಮಗು ಮತ್ತೆ ನಗುತ್ತದೆ. ಇದನ್ನು ಆಟಿಸಂ ಎಂದು ತಿಳಿದು ಬಿಟ್ಟರೆ ಕಳೆದುಹೋಗುವ ತಿಂಗಳುಗಳು ಮರಳಿ ಬಾರವು.

ಕೊರತೆ ಇಲ್ಲದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಎಂಬ ಪ್ರಶ್ನೆಯೂ ಇದೆ. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 17 ಜನಕ್ಕೆ ಬಿ12, ಶೇ 28 ಜನಕ್ಕೆ ಫೋಲೇಟ್, ಶೇ 18 ಜನಕ್ಕೆ ‘ಡಿ’ ವಿಟಮಿನ್ ಕೊರತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಶೇ 65.5, ಅದರ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಎಲ್ಲವನ್ನೂ ತಿನ್ನುವ ಮಕ್ಕಳ ಲೆಕ್ಕವೇ ಹೀಗಿರುವಾಗ ನಾಲ್ಕೇ ಆಹಾರ ತಿನ್ನುವ ಮಗುವಿನ ರಕ್ತದಲ್ಲಿ ಏನಿರಬಹುದು? ಟೊರೊಂಟೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಟಿಸಂ ಇರುವ 33 ಮಕ್ಕಳಿಗೆ ಎಂಟು ವಾರ ಕಬ್ಬಿಣದ ಸಿರಪ್ ಕೊಟ್ಟಾಗ ರಾತ್ರಿಯ ಹೊರಳಾಟ ಕಡಿಮೆಯಾಯಿತು. ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲವಾದ್ದರಿಂದ ಇದೇ ಕೊನೆಯ ಮಾತಲ್ಲ. ಆದರೆ ನಿದ್ದೆಯಿಲ್ಲದ ಮಗುವಿಗೆ ನಿದ್ದೆ ಮಾತ್ರೆ ಬರೆಯುವ ಮುಂಚೆ ಕಬ್ಬಿಣದ ಮಟ್ಟ ನೋಡಬೇಕೆನ್ನಲು ಇಷ್ಟು ಸಾಕು.

ಈ ಮಕ್ಕಳ ಕೊರತೆಯನ್ನು ಪತ್ತೆ ಮಾಡಲು ಹೊಸ ಇಲಾಖೆಯೇನೂ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ತಪಾಸಣೆ ಮಾಡಬೇಕಾದ ನಾಲ್ಕು ಸಂಗತಿಗಳಲ್ಲಿ ‘ಕೊರತೆ’ ಒಂದು, ‘ಬೆಳವಣಿಗೆಯ ವಿಳಂಬ’ ಇನ್ನೊಂದು. ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಗಳು ಇದರಡಿಯಲ್ಲೇ ಬಂದವು. ಒಂದೇ ಕಾರ್ಯಕ್ರಮದ ಎರಡು ಕಾಲಂಗಳು ಒಂದೇ ಮಗುವಿನ ಮೇಲೆ ಸೇರಬೇಕು. ಆಟಿಸಂ ಎಂದು ಗುರುತಿಸಿದ ಪ್ರತಿ ಮಗುವಿಗೂ ಏನು ತಿನ್ನುತ್ತದೆ ಎಂಬ ವಿವರವಾದ ಪಟ್ಟಿ, ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಬಿ12, ‘ಡಿ’ ವಿಟಮಿನ್ ಪರೀಕ್ಷೆ ಖರ್ಚಿಲ್ಲದೆ ಆಗಬೇಕು. ಕೊರತೆ ಕಂಡರೆ ಅಳತೆ ಮಾಡಿ ಕೊಡಬೇಕು, ಮತ್ತೆ ಪರೀಕ್ಷಿಸಿ ನಿಲ್ಲಿಸಬೇಕು. ಸಪ್ಲಿಮೆಂಟ್ ಡಬ್ಬಿಗಳ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂದು ಬರೆಯಬೇಕೆಂಬ ನಿಯಮವಿದೆ. ಅದನ್ನೇ ಆಟಿಸಂನ ಮದ್ದೆಂದು ಪ್ರಚಾರ ಮಾಡುವವರನ್ನು ಹಿಡಿಯುವವರೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಣಿಸುವುದನ್ನು ಕಲಿಸುವುದು. ಶಾರ್ಪ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 38 ಮಕ್ಕಳ ಪೋಷಕರನ್ನು ಎರಡು ಗುಂಪು ಮಾಡಿತ್ತು. ಒಂದು ಗುಂಪಿಗೆ ಆಟಿಸಂ ಬಗ್ಗೆ ಸಾಮಾನ್ಯ ತಿಳಿವಳಿಕೆ, ಇನ್ನೊಂದಕ್ಕೆ ಊಟದ ಹೊತ್ತನ್ನು ನಿಭಾಯಿಸುವ, ಹೊಸ ಆಹಾರವನ್ನು ಚೂರುಚೂರಾಗಿ ಪರಿಚಯಿಸುವ ತರಬೇತಿ. ಹದಿನಾರು ವಾರಗಳಲ್ಲಿ ತರಬೇತಿ ಪಡೆದವರ ಮಕ್ಕಳಲ್ಲಿ ಶೇ 47.4 ಸ್ಪಷ್ಟವಾಗಿ ಸುಧಾರಿಸಿದರು, ಇನ್ನೊಂದು ಗುಂಪಿನಲ್ಲಿ ಶೇ 5.3. ಇದು ಚಿಕ್ಕ ಪ್ರಯೋಗವೇ. ಆದರೂ ಇದರಿಂದ ಯಾರ ನರವೂ ಕೆಡುವುದಿಲ್ಲ, ಯಾರ ಮೂತ್ರಪಿಂಡವೂ ಸೋಲುವುದಿಲ್ಲ.

ನಮ್ಮ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನುಣುಪು ಬೇಕೆನ್ನುವ ಮಗುವಿಗೆ ಬಟ್ಟೆಯಲ್ಲಿ ಸೋಸಿದ ರಾಗಿ ಸರಿ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅನ್ನವನ್ನಷ್ಟೇ ತಿನ್ನುವ ಮಗುವಿಗೆ ಮೊದಲ ವಾರ ಆ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ, ಚಿತ್ರಾನ್ನಕ್ಕೆ ಮಾಡುವಂತೆ ಒಲೆಯಿಂದ ಇಳಿಸಿ ಆರಿದ ಮೇಲೆ, ಏಕೆಂದರೆ ಬಿಸಿಗೆ ‘ಸಿ’ ವಿಟಮಿನ್ ಕೆಡುತ್ತದೆ. ದೋಸೆ ತಿನ್ನುವ ಮಗುವಿನ ಹಿಟ್ಟಿಗೆ ಒಂದು ಚಮಚ ನುಣ್ಣಗೆ ರುಬ್ಬಿದ ಬೇಳೆ, ಬಣ್ಣ ಬದಲಾಗದಷ್ಟು. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ, ಹಾಲು, 2024ರಿಂದ ರಾಗಿ ಮಾಲ್ಟ್ ಎಲ್ಲ ಸಿಗುತ್ತದೆ. ಆದರೆ ಇನ್ನೂರು ಮಕ್ಕಳ ಗದ್ದಲ, ಸ್ಟೀಲ್ ತಟ್ಟೆಯ ಸದ್ದು, ಮೊಟ್ಟೆಯ ವಾಸನೆಯ ನಡುವೆ ಕೂರಲಾರದ ಮಗುವಿಗೆ ಅದು ಸಿಗದಂತೆಯೇ. ಅದನ್ನು ಹತ್ತು ನಿಮಿಷ ಮುಂಚೆ, ಮೂಲೆಯ ಕೋಣೆಯಲ್ಲಿ, ತನ್ನದೇ ಬಟ್ಟಲಿನಲ್ಲಿ ತಿನ್ನಲು ಬಿಡುವುದಕ್ಕೆ ಮುಖ್ಯೋಪಾಧ್ಯಾಯರ ಒಂದು ಮಾತು ಸಾಕು.

ಮನೆಯಲ್ಲಿ ಇವತ್ತೇ ಶುರುಮಾಡಬಹುದಾದದ್ದು ಒಂದು ಹಳೆಯ ನೋಟುಬುಕ್ಕು. ಮೂರು ದಿನ, ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಬಾಯೊಳಗೆ ಹೋದದ್ದೆಲ್ಲವನ್ನೂ ಬರೆಯುವುದು: ಎಷ್ಟು ಬಿಸ್ಕತ್ತು, ಯಾವ ಬಗೆಯದು, ಎಷ್ಟು ಲೋಟ ಹಾಲು, ಉಗುಳಿದ್ದೇನು, ನುಂಗಿದ್ದೇನು. ಕೊಡುತ್ತಿರುವ ಪ್ರತಿ ಡ್ರಾಪ್ಸ್, ಪುಡಿ, ಟಾನಿಕ್ಕಿನ ಹೆಸರೂ ಅಳತೆಯೂ ಅದೇ ಪುಟದ ಕೊನೆಯಲ್ಲಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಪುಟವನ್ನು ವೈದ್ಯರ ಮೇಜಿನ ಮೇಲೆ ಬಿಡಿಸಿಟ್ಟು, ಅವರು ಓದಿ ಮುಗಿಸುವವರೆಗೆ ತಾಯಿ ಕುರ್ಚಿ ಬಿಟ್ಟು ಏಳಬಾರದು.